ನಿನ್ನ ಅವ್ವ ಕೈಯಲ್ಲಿ ಹೇಳಿದ್ದು

ರಾಮಸಮುದ್ರ
14-12-2022

ಮಗಳು ಶೇಖಮ್ಮನಿಗೆ ಅಪ್ಪ ಮಾಡುವ ಆಶೀರ್ವಾದ.

ಜ್ವರ ಹೇಗಿದೆ? ಕಲಬುರಗಿಯ ಚಳಿಯಲ್ಲಿ ಗಂಟೆಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಕೂರಬೇಡ. ಬಿಸಿ ಅಂಬಲಿ ಕುಡಿ. ಜ್ವರವೆಂದೇ ನೀನು ಭಾನುವಾರ ಶಹಾಪುರದ ಕೂಟಕ್ಕೆ ಬರಲಿಲ್ಲ ಎಂದು ನಿಮ್ಮ ಗುಂಪಿನ ಸರ್ವರಬೇಗಂ ಹೇಳಿದರು. ನಾನು ಬರುವುದು ಗೊತ್ತಾಗಿ ತಪ್ಪಿಸಿಕೊಂಡೆಯೇನೋ ಎಂದೂ ಅನ್ನಿಸಿತು. ಅವ್ವನನ್ನು ಮಣ್ಣು ಮಾಡಿದ ದಿನ ಹೋದವಳು ಒಂದೂವರೆ ವರ್ಷದಿಂದ ನನ್ನ ಮುಖ ನೋಡಿಲ್ಲ, ಅನ್ನಿಸದೆ ಇರುತ್ತದೆಯೇ?

ಕಿವಿ ಕೇಳದ ನೀವೆಲ್ಲ ಭಾನುವಾರ ಫೋನಿನ ಪರದೆಯಲ್ಲಿ ಒಟ್ಟಿಗೆ ಸೇರಿ ಕೈಸನ್ನೆಯಲ್ಲಿ ಮಾತಾಡುತ್ತೀರಲ್ಲ, ಆ ಗುಂಪಿನವರು ಶಹಾಪುರದಲ್ಲಿ ಮೊದಲ ಸಲ ಮುಖಾಮುಖಿ ಕೂಡುತ್ತಾರೆಂದು ಪಕ್ಕದ ಮನೆಯ ದೇವಕ್ಕ ಹೇಳಿದಳು. ನಿನ್ನನ್ನು ನೋಡಬಹುದೆಂದು ಬಸ್ಸು ಹತ್ತಿದೆ. ಕಾಲುವೆ ಬದಿಯ ಗದ್ದೆಗಳಲ್ಲೆಲ್ಲ ಭತ್ತದ ಕೊಯ್ಲು ನಡೆದಿತ್ತು. ಸುರಪುರ, ಕೆಂಭಾವಿ, ಯಾದಗಿರಿಯಿಂದ ನಲವತ್ತು ಮಂದಿ ಬಂದಿದ್ದರು. ಎರಡು ವರ್ಷ ಸಣ್ಣ ಚೌಕದಲ್ಲಿ ಎದೆಯವರೆಗಷ್ಟೇ ಕಂಡವರು ಈಗ ಒಬ್ಬರ ಎತ್ತರ ಒಬ್ಬರು ನೋಡಿ ನಗುತ್ತಿದ್ದರು. ಕೆಂಭಾವಿಯ ಹುಲಗಪ್ಪ ಅಷ್ಟು ಗಿಡ್ಡನೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಎಲ್ಲರೂ ಮಾತಾಡುತ್ತಿದ್ದರು, ಆದರೂ ಫ್ಯಾನಿನ ಸದ್ದು ಕೇಳುತ್ತಿತ್ತು. ಅಲ್ಲಿ ಮಾತು ಬಾರದವನು ನಾನೊಬ್ಬನೇ.

ಊಟಕ್ಕೆ ಮುಂಚೆ, ತೀರಿಹೋದವರ ನೆನಪಿಗೆಂದು, ಹಳೆಯ ಭಾನುವಾರಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಒಂದು ಚೌಕದಲ್ಲಿ ನಿನ್ನ ಅವ್ವ ಮೋನಮ್ಮ ಕೂತಿದ್ದಳು, ಹಿಂದೆ ದೇವಕ್ಕನ ಮನೆಯ ಜೋಳದ ಚೀಲಗಳು. ಪಕ್ಕದ ಚೌಕದಲ್ಲಿ ನೀನು. ದೇವಕ್ಕನ ಮನೆಗೆ ಶಾವಿಗೆ ಹೊಸೆಯಲು ಹೋಗುತ್ತೇನೆಂದು ಅವ್ವ ನನಗೆ ಹೇಳಿ ಹೋಗುತ್ತಿದ್ದಳು. ನನ್ನ ಜೊತೆ ಮೂವತ್ತು ವರ್ಷ ಬಾಳಿದವಳು ಕೈಯೆತ್ತಿ, ನನಗೆ ಗೊತ್ತಿಲ್ಲದೆ ಕಲಿತ ಕೈಸನ್ನೆಯಲ್ಲಿ ಸರಾಗವಾಗಿ ಏನೋ ಹೇಳಿದಳು. ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಒಂದೂ ತಿಳಿಯಲಿಲ್ಲ.

ಸರ್ವರಬೇಗಂ ಅವರನ್ನು ಕೇಳಿದೆ. ಕಿವಿ ಕೇಳದ ಮಗನನ್ನು ಸಾಕಿದ ತಾಯಿ ಅವರು, ನಿನ್ನ ಕೈಮಾತು, ನನ್ನ ಬಾಯಿಮಾತು ಎರಡೂ ಬಲ್ಲರು. ಹೇಳಲೋ ಬೇಡವೋ ಎಂದು ತುಸು ತಡೆದು ಹೇಳಿದರು: "ನಮ್ಮ ಮನಿಯವ್ರು ಕೆಟ್ಟವರಲ್ಲ, ಮಗಳ ಮುಂದ ಕೂತು ಕೈಮಾತು ಕಲಿಯಾಕ ಅಂಜತಾರ ಅಂತ ಮೋನಮ್ಮ ಹೇಳ್ಯಾರ್ರಿ."

ಊಟ ಮಾಡದೆ ಎದ್ದು ಬಂದೆ. ಬಾಯಲ್ಲಿ ಮಾತು ಬರಲೆಂದು ನಿನ್ನ ಎರಡೂ ಕೈ ಟವೆಲ್ಲಿನಲ್ಲಿ ಕಟ್ಟಿ ಅಕ್ಷರ ಹೇಳಿಸುತ್ತಿದ್ದೆ. ಆಗ ನಿನಗೆ ಏಳು ವರ್ಷ. ಆಮೇಲಾಮೇಲೆ ಬಿಚ್ಚಿದರೂ ನೀನು ಕೈ ಎತ್ತುತ್ತಿರಲಿಲ್ಲ. ಮಗಳು ದಾರಿಗೆ ಬಂದಳೆಂದು ಶಾಲೆಯಲ್ಲಿ ಎಲ್ಲರೆದುರು ಹೇಳಿಕೊಂಡೆ. ಅವ್ವ ಅದನ್ನೆಲ್ಲ ನೋಡಿದ್ದಳು. ಆದರೂ ನನ್ನ ಪರವಾಗಿಯೇ ಮಾತಾಡಿ ಹೋದಳು.

ದೇವಕ್ಕ ನಿನ್ನನ್ನು ಕೇಳಿದ್ದಾಳೆ. ಔಷಧಿ ತಪ್ಪಿಸಬೇಡ. ಎಲ್ಲಿದ್ದರೂ ಸುಖವಾಗಿರು.

ನಿನ್ನ ಅಪ್ಪ,
ಚಂದ್ರಾಮಪ್ಪ ಮಾಸ್ತರ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಬರುವ ಭಾನುವಾರ ದೇವಕ್ಕನ ಫೋನಿನಿಂದ ನಾನು ನಿಮ್ಮ ಗುಂಪಿಗೆ ಬರುತ್ತೇನೆ. ಬಂದವರನ್ನು ಒಳಗೆ ಬಿಡುವ ಕೆಲಸ ನಿನ್ನದಂತೆ. ಮೊನ್ನೆ ಹೊರಡುವಾಗ ಬಾಗಿಲಲ್ಲಿ ಸರ್ವರಬೇಗಂ ಅವರಿಂದ ಕೈಸನ್ನೆಯ ಒಂದೇ ಮಾತು ಕಲಿತಿದ್ದೇನೆ, ತಪ್ಪಾಯಿತು ಎನ್ನುವುದು. ಇನ್ನೂ ಸರಿಯಾಗಿ ಬರುವುದಿಲ್ಲ. ಬಿಡದಿದ್ದರೆ ಬೇಸರವಿಲ್ಲ, ಅದರ ಮುಂದಿನ ಭಾನುವಾರವೂ ಬರುತ್ತೇನೆ.