ಭಾವ ಅಲ್ಲ, ಗೋಲು

ನೈರೋಬಿ, ಶನಿವಾರ, 12 ನವೆಂಬರ್ 1988

ಇವತ್ತು ನನ್ನ ಮಾನ ಹೋಯಿತು, ಇವರ ಟೀಮ್ ಉಳಿಯಿತು. ನೆನೆಸಿಕೊಂಡರೆ ಈಗಲೂ ನಗು ತಡೆಯಲಾಗುತ್ತಿಲ್ಲ.

ಈ ವರ್ಷ ಇವರ ಕಾಲೇಜು ಲೀಗ್ ಬಿಟ್ಟು ಸ್ವತಂತ್ರವಾಗಿ ಫುಟ್‌ಬಾಲ್ ಆಡುತ್ತಿದೆ. ಕೋಚ್ ಆದ ತಪ್ಪಿಗೆ ಇವರು ವಾರವಾರವೂ ಯಾರುಯಾರಿಗೋ ಫೋನ್ ಮಾಡಿ, ‘ನಮ್ಮ ಜೊತೆ ಒಂದು ಮ್ಯಾಚ್ ಆಡ್ತೀರಾ’ ಎಂದು ಕೇಳಬೇಕು, ಹೆಣ್ಣು ಕೇಳುವವರ ಹಾಗೆ. ಒಂದನ್ನೂ ಗೆದ್ದಿರಲಿಲ್ಲ. ಇವತ್ತಿನ ಕೊನೆಯ ಮ್ಯಾಚೂ ಸೋತರೆ ಟೀಮನ್ನೇ ಮುಚ್ಚುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು.

ಸೌತ್ ಬಿ ಬಡಾವಣೆಯ ಮೈದಾನದಲ್ಲಿ ನಾನು ಆ ಪ್ರಿನ್ಸಿಪಾಲರ ಪಕ್ಕದಲ್ಲೇ ಕೂತಿದ್ದೆ. ಎರಡೂ ಟೀಮಿಗೆ ಒಂದೂ ಗೋಲಿಲ್ಲದೆ ಆಟ ಮುಗಿಯುತ್ತಾ ಬಂತು. ಇದ್ದಕ್ಕಿದ್ದಂತೆ ಹುಡುಗರೆಲ್ಲ ‘ಬಾವೋ, ಬಾವೋ’ ಎಂದು ಕೂಗುತ್ತಾ ಇವರ ಕಡೆ ಓಡಿಬಂದರು. ನನಗೆ ಕಣ್ಣು ತುಂಬಿತು. ಮದುವೆಯಾಗಿ ಬಂದು ಎರಡು ತಿಂಗಳಾಗಿಲ್ಲ, ಆಗಲೇ ನನ್ನನ್ನು ಅಕ್ಕ ಎಂದುಕೊಂಡು ಇವರನ್ನು ಭಾವ ಅಂತಿದ್ದಾರಲ್ಲ ಎಂದು ಎದ್ದುನಿಂತು ಎಲ್ಲರಿಗೂ ಕೈಮುಗಿದೆ.

ಆಟ ಮುಗಿದ ಮೇಲೆ ಇವರು ಹತ್ತಿರ ಬಂದು, ‘ಮಾರಾಯ್ತಿ, ಸ್ವಾಹಿಲಿಯಲ್ಲಿ ಬಾವೋ ಅಂದ್ರೆ ಗೋಲು. ನಾವು ಗೆದ್ವಿ. ನೀನು ನೋಡಲಿಲ್ವಾ?’ ಎಂದರು.

ಎಲ್ಲಿ ನೋಡಲಿ? ನಾನು ಪೂರ್ತಿ ಹೊತ್ತು ಇವರನ್ನೇ ನೋಡುತ್ತಿದ್ದೆ.

ವಿಷಯ ತಿಳಿದು ಪ್ರಿನ್ಸಿಪಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಮುಂದಿನ ವರ್ಷವೂ ಟೀಮ್ ಇರಲಿ. ಅಷ್ಟರೊಳಗೆ ಮೇಡಂಗೆ ಚೆಂಡು ಯಾವುದು ಅಂತ ತೋರಿಸಿ’ ಎಂದರು.

ತೋರಿಸುತ್ತಾರಂತೆ, ನಾಳೆ ಬೆಳಗ್ಗೆಯೇ, ಮನೆಯ ಹಿಂದೆ. ಸೀರೆ ಉಟ್ಟುಕೊಂಡು ಒದೆಯೋದು ಹೇಗೆ ಅಂತ ಕೇಳಿದರೆ ಇವರು, ‘ಮೊದಲು ನನ್ನ ಬಿಟ್ಟು ಚೆಂಡನ್ನ ನೋಡೋದು ಕಲಿ, ಒದೆಯೋದು ಆಮೇಲೆ’ ಎಂದರು.