ನಮ್ಮಮ್ಮ ಕುಡಿಯುವುದಿಲ್ಲ, ಮಾನ್ಯರೇ

ಚಾಮರಾಜನಗರ ಜಿಲ್ಲೆಯ ಆರೋಗ್ಯ ಶಿಬಿರಗಳ ಹೊಣೆ ಹೊತ್ತ ಅಧಿಕಾರಿಗಳೇ,

ನನಗೆ ಮದುವೆಯಾಯಿತು! ಇವತ್ತಿಗೆ ಇಪ್ಪತ್ತಾರು ದಿನ. ನನ್ನ ಗಂಡ ತೇಜಸ್ ಎಷ್ಟು ಒಳ್ಳೆಯವರೆಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸುತ್ತದೆ. ಇಷ್ಟು ಸಂತೋಷದಲ್ಲೂ ನಿಮಗೆ ಬರೆಯುತ್ತಿರುವುದು, ನಿಮ್ಮ ಶಿಬಿರ ನನ್ನ ಅಮ್ಮನನ್ನು ಕುಡುಕಿ ಎಂದು ದಾಖಲಿಸಿರುವುದರಿಂದ.

ಅಮ್ಮ ವಿಜಯಮ್ಮ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವಳು. ಐವತ್ತೊಂದು ವಯಸ್ಸು, ಮುಟ್ಟು ನಿಂತು ವರ್ಷವಾಗಿದೆ. ಮಗ್ಗದಿಂದ ಎದ್ದರೆ ಏದುಸಿರು. ನಾಲ್ಕು ತಿಂಗಳ ಹಿಂದೆ ನಿಮ್ಮ ಶಿಬಿರದಲ್ಲಿ ಇಸಿಜಿ, ಸ್ಕ್ಯಾನ್ ಮಾಡಿ, ಲಿವರಿನಲ್ಲಿ ಕೊಬ್ಬಿದೆ ಎಂದ ಡಾಕ್ಟರು ಸಾಲಿಗೆಲ್ಲ ಕೇಳುವಂತೆ ವಿಚಾರಿಸಿದರು: "ದಿನಕ್ಕೆ ಎಷ್ಟು ಕ್ವಾರ್ಟರಮ್ಮ?"

"ಅಯ್ಯೋ, ನಾನು ಮುಟ್ಟೋದೇ ಇಲ್ಲ ಸಾ."

"ಎಲ್ರೂ ಹಿಂಗೇ ಹೇಳೋದು."

ಹಿಂದೆ ನಿಂತಿದ್ದ ಪಕ್ಕದ ಮನೆಯ ಸುವರ್ಣಮ್ಮ ಬಿಟ್ಟಾರೆಯೇ? "ವಿಜಯಕ್ಕ, ಒಬ್ಳೇ ಕುಡುದ್ಯಾ? ನಮ್ಗೂ ವಸಿ ಉಳಿಸ್ಬಾರ್ದಾಗಿತ್ತಾ?" ಸಾಲೆಲ್ಲ ನಕ್ಕಿತು.

ಮುಂದಿನ ವಾರವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಮ್ಮ ವರದಿಯನ್ನು ಬಚ್ಚಿಟ್ಟಳು. ಮದುವೆ ನೋಂದಣಿಗೆ ನನ್ನ ಅಂಕಪಟ್ಟಿ ಹುಡುಕುವಾಗ ಮೊನ್ನೆ ಅದು ಕೈಗೆ ಸಿಕ್ಕಿತು. ಕೇಳಿದರೆ, ಶಿಬಿರದಲ್ಲಿ ನಡೆದದ್ದನ್ನೆಲ್ಲ ಹೇಳಿ, "ಕುಡುಕಿ ಮಗ್ಳು ಅಂತ ಗಂಡಿನೋರು ಎದ್ದೋಗ್ಬುಟ್ಟಿದ್ರೆ ಏನ್ ಮಾಡ್ಲಿ ಕಣಮ್ಮಿ?" ಎಂದಳು.

ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಮದ್ಯಪಾನ: ಹೌದು. ಅದರ ಕೆಳಗೆ, ತಕ್ಷಣ ಹೃದಯ ತಜ್ಞರಿಗೆ ತೋರಿಸಿ. ಈ ಕೊನೆಯ ಸಾಲನ್ನು ಅಮ್ಮನಿಗೆ ಯಾರೂ ಹೇಳಲಿಲ್ಲ. ಕ್ವಾರ್ಟರಿನ ವಿಚಾರಕ್ಕೆ ಮಾತ್ರ ಎಂಥ ಸ್ಪಷ್ಟ ಕನ್ನಡ! ಮಗ್ಗ ತುಳಿದು ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದವಳು, ಮನೆಯಲ್ಲಿ ಅದನ್ನು ಓದಬಲ್ಲ ಒಬ್ಬಳಿಂದಲೇ ಅದನ್ನು ಮುಚ್ಚಿಟ್ಟಳು. ಧಾರೆಯ ಹೊತ್ತಿಗೆ ಅವಳು ದವಡೆ ಹಿಡಿದುಕೊಂಡು ಕುಸಿದು ಕುಳಿತಾಗ, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಎಂದರು ನೆಂಟರು. ದವಡೆ ನೋವೂ ಹೃದಯದ ಸೂಚನೆಯಾಗಿರಬಹುದೆಂದು ತಿಳಿಯದ ನಾನೂ ಹಾಗೇ ಅಂದುಕೊಂಡು, ಫೋಟೋಗೆ ನಗು ಎಂದೆ.

ಮಾನ್ಯರೇ, ಮುಟ್ಟು ನಿಲ್ಲುವ ಕಾಲಕ್ಕೆ, ಹನಿ ಹೆಂಡ ಕುಡಿಯದವಳ ಲಿವರಿನಲ್ಲೂ ಕೊಬ್ಬು ಸೇರಬಹುದು, ಹೃದಯಕ್ಕೂ ಅಪಾಯ ಹೆಚ್ಚುತ್ತದೆ ಎಂದು ನಿಮ್ಮ ವೈದ್ಯರಿಗೆ ಯಾರೂ ಕಲಿಸಲಿಲ್ಲವೇ? ಬಸುರಿಯ ತೂಕವನ್ನು ತಿಂಗಳು ತಿಂಗಳೂ ಬರೆದುಕೊಳ್ಳುವ ನಿಮಗೆ, ಹೆರುವುದು ಮುಗಿಸಿದವಳ ಎದೆ ಬೇಡವೇ? ಹನೂರು, ಯಳಂದೂರಿನಲ್ಲಿ ಇನ್ನೆಷ್ಟು ತಾಯಂದಿರು ಇಂಥ ಕಾಗದ ಮಡಚಿಕೊಂಡು ತಲೆತಗ್ಗಿಸಿ ಮನೆಗೆ ಹೋಗಿದ್ದಾರೆ?

ಅಮ್ಮ ಈಗ ಮೈಸೂರಿನಲ್ಲಿ ನನ್ನ ಜೊತೆಗಿದ್ದಾಳೆ. ಆದರೆ, "ಆ ಚೀಟಿ ತಕಂಡು ಇನ್ನೊಬ್ ಡಾಕ್ಟ್ರತ್ರ ಓಗಕಿಲ್ಲ" ಎಂದು ಹಟ ಹಿಡಿದಿದ್ದಾಳೆ. ಹೊತ್ತು ಮೀರುತ್ತಿರುವುದು ಅವಳ ಹೃದಯಕ್ಕೆ. ಆ 'ಹೌದು' ಎಂಬುದನ್ನು ಅವಳೆದುರೇ ಹೊಡೆದುಹಾಕಿ ಸಹಿ ಮಾಡಿ. ಇನ್ನು ಮುಂದೆ ಪ್ರತಿ ವರದಿಯನ್ನೂ ಕನ್ನಡದಲ್ಲಿ, ಪಕ್ಕಕ್ಕೆ ಕರೆದು, ಓದಿ ಹೇಳಿ. ಸೋಮವಾರ ಬೆಳಗಿನ ಮೈಸೂರು–ಚಾಮರಾಜನಗರ ಪ್ಯಾಸೆಂಜರ್ ರೈಲಿಗೆ ನಾವಿಬ್ಬರೂ ಬಂದಿಳಿದು, ನೇರ ನಿಮ್ಮ ಕಚೇರಿಗೆ ಬರುತ್ತೇವೆ.

ಇಂತಿ,
ತಾಯಿಯ ವರದಿಯನ್ನು ನಾಲ್ಕು ತಿಂಗಳು ತಡವಾಗಿ ಓದಿದ ಮಗಳು,
ಶ್ವೇತಾ