ಜರ್ಮೀನಾ ಕಲಿತ ಭಾಷೆ

ವಿಜಯವಾಡ
ಭಾನುವಾರ

ಚಿರಂಜೀವಿ ಹರಿಣಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ.

ವಿಶಾಖಪಟ್ಟಣದ ನಿಮ್ಮ ನಿರಾಶ್ರಿತರ ಸಂಸ್ಥೆಯಿಂದ ಅಫ್ಘಾನಿಸ್ತಾನದ ಜರ್ಮೀನಾಳನ್ನು ಕರೆತಂದು ನನ್ನ ಬಳಿ ಬಿಟ್ಟು, "ಕೆಲಸ ಸಿಗಬೇಕು, ನಾಲ್ಕು ಮಾತು ಕಲಿಸಮ್ಮ" ಎಂದೆ. ಕಲಿಸಿದೆ. ತೆಲುಗಿನ ಬದಲು ಕನ್ನಡ ಕಲಿಸಿದ್ದಾರೆ ಎಂದು ನಿಮ್ಮ ಆಫೀಸಿನವರು ತಲೆ ಚಚ್ಚಿಕೊಂಡರಂತೆ. ನನ್ನ ಮನೆಯಲ್ಲಿ ಇನ್ನೇನು ಕಲಿಯುತ್ತಾರೆ? ನಿನ್ನ ಅಣ್ಣನ ಮಕ್ಕಳು ನನಗೇ ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ಇವಳು "ಅಮ್ಮಾ, ಸಾರಿಗೆ ಉಪ್ಪು ಕಮ್ಮಿ" ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ಆಟೋನಗರದಲ್ಲಿ ಲಾರಿ ಸೀಟಿನ ಕವರ್ ಹೊಲಿಸುವವನು, ತೆಲುಗು ಬಾರದವಳು ಬೇಡ ಎಂದು ಅವಳನ್ನು ವಾಪಸ್ ಕಳಿಸಿದ. ನಿನ್ನೆ ನಾನೇ ಅವಳ ಜೊತೆ ಹೋದೆ. "ಬ್ಯಾಂಕಿನವರ ಹೆಂಡತಿಯಾಗಿ ಬಂದು ಇಲ್ಲೇ ಮುದುಕಿಯಾದೆ, ನಿಮ್ಮ ತೆಲುಗು ಕಲಿಯಲಿಲ್ಲ. ನನ್ನನ್ನು ಯಾರಾದರೂ ಓಡಿಸಿದರೇನಪ್ಪಾ? ಸೀಟು ಹೊಲಿಯುವವಳಿಗೆ ಸೀಟಿನ ಹತ್ತಿರ ಏನು ಮಾತು?" ಎಂದು ಕನ್ನಡದಲ್ಲೇ ಕೇಳಿದೆ. ಪೂರ್ತಿ ಅರ್ಥವಾಯಿತು ಅವನಿಗೆ. ಸೋಮವಾರದಿಂದ ಕೆಲಸಕ್ಕೆ ಬರಲಿ ಎಂದ.

ನೀನು ಮಾನವ ಹಕ್ಕಿನ ಅರ್ಜಿ ಬರೆಯುತ್ತಿರು, ಬೇಡ ಅನ್ನುವುದಿಲ್ಲ.

ಕೆಲಸ ಸಿಕ್ಕಿತಲ್ಲ, ಇನ್ನು ಹಾಸ್ಟೆಲಿಗೆ ಕಳಿಸು ಎಂದು ಮಾತ್ರ ಹೇಳಬೇಡ. ನಿನ್ನ ಕೋಣೆಯನ್ನು ಅವಳಿಗೆ ಕೊಟ್ಟಾಗಿದೆ. ಹಬ್ಬಕ್ಕೆ ಬರುವಾಗ ನಿನಗೊಂದು ಚಾಪೆ ತಂದುಕೋ.

ನಿನ್ನ ತಾಯಿ,
ಸುಲೋಚನಾ